ಹೊಸ ಎಚ್‌ಒಡಿಗೆ ಕೆಲಸ ಗೊತ್ತಿಲ್ಲ ಅನಿಸಿದರೆ ಏನು ಮಾಡಬೇಕು?

ಮೇ ತಿಂಗಳಲ್ಲಿ ಹಳೆಯ ಎಚ್‌ಒಡಿಯ, ಅಂದರೆ ವಿಭಾಗದ ಮುಖ್ಯಸ್ಥರ, ಬೀಳ್ಕೊಡುಗೆ ಆಗಿರುತ್ತದೆ. ಜೂನ್ ಮಳೆಯ ಜೊತೆ ಹೊಸಬರು ಬಂದಿರುತ್ತಾರೆ. ಜುಲೈ ಹೊತ್ತಿಗೆ ನನಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರಲು ಶುರುವಾಗುತ್ತದೆ: "ನಮ್ಮ ಹೊಸ ಎಚ್‌ಒಡಿಗೆ ಎಂಥದೂ ಗೊತ್ತಿದ್ದ ಹಾಗೆ ಕಾಣುವುದಿಲ್ಲ. ಪ್ರಿನ್ಸಿಪಾಲರಿಗೆ ಹೇಳಬೇಕಾ, ಸುಮ್ನಿರಬೇಕಾ?" ಕೇಳುವವರು ಹೆಚ್ಚಾಗಿ ಮಂಗಳೂರು, ಉಡುಪಿ ಕಡೆಯ ಖಾಸಗಿ ಪಿಯು ಕಾಲೇಜುಗಳ ಉಪನ್ಯಾಸಕರು. ದೊಡ್ಡ ಹೈಸ್ಕೂಲುಗಳ ಶಿಕ್ಷಕರೂ ಕೇಳುವುದುಂಟು. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಕೊಡುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲೇ ಒಂದು ಎಚ್ಚರಿಕೆ. ಕೆಲಸದ ಸಾಮರ್ಥ್ಯದ ಬಗ್ಗೆ ಅನುಮಾನ ಇದ್ದರೆ ಮಾತ್ರ ಈ ಲೇಖನ ನೋಡಿ. ಮಕ್ಕಳ ಮೇಲೆ ಲೈಂಗಿಕ ಕಿರುಕುಳದ ಸಂಶಯ ಇದ್ದರೆ ಕೆಳಗಿನ ಯಾವ ಹಂತವನ್ನೂ ಕಾಯಬೇಡಿ. ಪೋಕ್ಸೊ ಕಾಯ್ದೆ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. 1098 ಮಕ್ಕಳ ಸಹಾಯವಾಣಿಗೂ ಕರೆ ಮಾಡಬಹುದು. ಮಹಿಳಾ ಸಿಬ್ಬಂದಿಗೆ ಕಿರುಕುಳ ಆಗಿದ್ದರೆ ಅದಕ್ಕೆ ಆಂತರಿಕ ಸಮಿತಿ ಇರುತ್ತದೆ. 10 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಯಲ್ಲಿ ಆ ಸಮಿತಿ ಕಡ್ಡಾಯ, ಮತ್ತು ಘಟನೆ ನಡೆದು 3 ತಿಂಗಳೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ಹಣದ ವಿಷಯವಾದರೆ, ಉದಾಹರಣೆಗೆ ಲ್ಯಾಬ್ ಖರೀದಿಯ ಬಿಲ್ಲಿನಲ್ಲಿ ಗೋಲ್ಮಾಲ್ ಕಂಡರೆ, ನೇರವಾಗಿ ಪ್ರಿನ್ಸಿಪಾಲರಿಗೆ ಬರೆದು ಕೊಡಿ. ಇವನ್ನೆಲ್ಲ "ಅವರಿಗೆ ಕೆಲಸ ಬರುವುದಿಲ್ಲ" ಎಂಬ ದೂರಿನ ಜೊತೆ ಸೇರಿಸಿದರೆ ಎರಡೂ ಕೆಡುತ್ತವೆ.

ಎಚ್‌ಒಡಿ ಕೆಲಸ ಅಂದರೆ ಯಾವುದು?

ಅನುಮಾನ ಪಡುವ ಮೊದಲು ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಪಾಠ ಚೆನ್ನಾಗಿ ಮಾಡುವುದು ಎಚ್‌ಒಡಿ ಕೆಲಸದ ಒಂದು ಸಣ್ಣ ಭಾಗ. ಉಳಿದದ್ದು ಹೀಗಿರುತ್ತದೆ: ಪೋರ್ಷನ್ ಯಾವ ತಿಂಗಳಿಗೆ ಎಷ್ಟು ಮುಗಿಯಬೇಕು ಎಂದು ಹಂಚುವುದು. ವರ್ಕ್‌ಲೋಡ್, ಅಂದರೆ ವಾರಕ್ಕೆ ಯಾರಿಗೆ ಎಷ್ಟು ಪೀರಿಯಡ್ ಎಂದು ಗೊತ್ತುಮಾಡುವುದು. ಬ್ಲೂಪ್ರಿಂಟ್ ನೋಡಿ ಪ್ರಶ್ನೆಪತ್ರಿಕೆ ಮಾಡಿಸುವುದು. (ಯಾವ ಪಾಠಕ್ಕೆ ಎಷ್ಟು ಅಂಕ, ಯಾವ ಬಗೆಯ ಪ್ರಶ್ನೆ ಎಷ್ಟು ಎಂದು ಹೇಳುವ ಪಟ್ಟಿಗೆ ಬ್ಲೂಪ್ರಿಂಟ್ ಎನ್ನುತ್ತಾರೆ.) ಲ್ಯಾಬ್ ಇರುವ ವಿಷಯವಾದರೆ ಇಂಡೆಂಟ್, ಅಂದರೆ ಬೇಕಾದ ಸಾಮಾನಿನ ಪಟ್ಟಿ, ಸಮಯಕ್ಕೆ ಕಳಿಸುವುದು. ಇಂಟರ್ನಲ್ ಅಂಕಗಳ ದಾಖಲೆ ನೋಡಿಕೊಳ್ಳುವುದು. ಹೊಸ ಉಪನ್ಯಾಸಕರಿಗೆ ಕೆಲಸ ಹೇಳಿಕೊಡುವುದು.

ಈ ಕೆಲಸಗಳ ಬಿಸಿ ನಮ್ಮ ಎರಡು ಜಿಲ್ಲೆಗಳಲ್ಲಿ ಸ್ವಲ್ಪ ಜಾಸ್ತಿ. 2024ರ ದ್ವಿತೀಯ ಪಿಯು ಪರೀಕ್ಷೆ 1ರಲ್ಲಿ ದಕ್ಷಿಣ ಕನ್ನಡ ಶೇ 97.37 ಪಡೆದು ಮೊದಲ ಸ್ಥಾನ, ಉಡುಪಿ ಶೇ 96.80 ಪಡೆದು ಎರಡನೇ ಸ್ಥಾನ. 2025ರಲ್ಲಿ ಅದು ತಿರುವುಮುರುವಾಯಿತು: ಉಡುಪಿ ಶೇ 93.90, ದಕ್ಷಿಣ ಕನ್ನಡ ಶೇ 93.57. ಇಂಥ ಕಡೆ ಒಂದು ವಿಭಾಗದ ರಿಸಲ್ಟ್ ಸ್ವಲ್ಪ ಇಳಿದರೂ ಸಂಚಾಲಕರ ಕಣ್ಣಿಗೆ ಬೀಳುತ್ತದೆ. (ಸಂಚಾಲಕರು ಎಂದರೆ ಆಡಳಿತ ಮಂಡಳಿಯ ಪರವಾಗಿ ಸಂಸ್ಥೆ ನಡೆಸುವವರು.) ಹಾಗಾಗಿ ಹೊಸಬರೂ ಹೆದರಿರುತ್ತಾರೆ, ಹಳಬರೂ ಹೆದರಿರುತ್ತಾರೆ. ಅರ್ಧ ಅನುಮಾನ ಈ ಹೆದರಿಕೆಯಿಂದಲೇ ಹುಟ್ಟುತ್ತದೆ ಎಂದು ನನ್ನ ಲೆಕ್ಕ.

ಕೈಯಲ್ಲಿ ಇರಬೇಕಾದದ್ದು

ಒಂದು ಸಾದಾ ನೋಟ್‌ಬುಕ್. ಈ ವರ್ಷದ ಮತ್ತು ಹೋದ ವರ್ಷದ ಪೋರ್ಷನ್ ಪ್ಲಾನ್. ನಿಮ್ಮ ವಿಷಯದ ಬ್ಲೂಪ್ರಿಂಟ್. ನಿಮ್ಮದೇ ನೇಮಕಾತಿ ಆದೇಶ. ಸಂಸ್ಥೆಯ ಸೇವಾ ನಿಯಮಗಳ ಪ್ರತಿ ಸಿಕ್ಕರೆ ಅದೂ ಇರಲಿ. ತುಂಬಾ ಜನ ತಮ್ಮ ನೇಮಕಾತಿ ಆದೇಶವನ್ನು ಸೇರಿದ ದಿನ ಓದಿದ್ದು ಬಿಟ್ಟರೆ ಮತ್ತೆ ತೆಗೆದು ನೋಡಿರುವುದಿಲ್ಲ. ಈಗ ನೋಡಿ.

1. ಅನುಮಾನ ಎಲ್ಲಿಂದ ಬಂತು?

ನಿಮಗೆ ಅನಿಸಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿಯೊಂದರ ಪಕ್ಕ "ಕಂಡದ್ದು" ಅಥವಾ "ಕೇಳಿದ್ದು" ಎಂದು ಹಾಕಿ. ಹಿಂದಿನ ಕಾಲೇಜಿನಲ್ಲಿ ಅವರನ್ನು ತೆಗೆದರಂತೆ, ಸಂಚಾಲಕರ ಸಂಬಂಧಿಕರಂತೆ, ಅಷ್ಟೇನೂ ಓದಿಲ್ಲವಂತೆ. "ಅಂತೆ" ಇರುವ ಸಾಲುಗಳನ್ನೆಲ್ಲ ಹೊಡೆದು ಹಾಕಿ. ಎಷ್ಟು ಉಳಿಯಿತು ನೋಡಿ.

ಉಳಿದದ್ದಕ್ಕೆ ಇನ್ನೂ ಒಂದು ಪರೀಕ್ಷೆ ಇದೆ. ಆ ಕುರ್ಚಿ ನಿಮಗೆ ಸಿಗಬೇಕಿತ್ತಾ? ನಿಮ್ಮ ಆಪ್ತರಿಗೆ? ಹೌದಾದರೆ ತಪ್ಪೇನಿಲ್ಲ, ಬೇಜಾರಾಗುವುದು ಸಹಜ. ಆದರೆ ಆ ಬೇಜಾರಿನ ಕಣ್ಣಿಗೆ ಸಣ್ಣ ತಪ್ಪೂ ದೊಡ್ಡದಾಗಿ ಕಾಣುತ್ತದೆ ಎಂಬುದು ನೆನಪಿರಲಿ.

ಇನ್ನೊಂದು ವಿಷಯ, ಇದು ನಮ್ಮ ಊರಿನದ್ದೇ. ಬಂದವರು ಘಟ್ಟದ ಮೇಲಿನವರಾಗಿದ್ದರೆ ಅವರ ಮಾತಿನ ಧಾಟಿ ಬೇರೆ. ಸ್ಟಾಫ್ ರೂಮಿನಲ್ಲಿ ನಾವು ತುಳುವಿನಲ್ಲಿ ಮಾತಾಡಿ ನಗುತ್ತೇವೆ, ಕೊಂಕಣಿಯವರು ಕೊಂಕಣಿಯಲ್ಲಿ. ಅವರು ಸುಮ್ಮನೆ ಕೂತಿರುತ್ತಾರೆ. ಆಮೇಲೆ ನಾವೇ ಹೇಳುತ್ತೇವೆ: "ಅವರು ಯಾರೊಟ್ಟಿಗೂ ಬೆರೆಯುವುದಿಲ್ಲ ಮಾರಾಯ್ರೆ, ಅವರಿಂದ ಡಿಪಾರ್ಟ್‌ಮೆಂಟ್ ನಡೆಸಲಿಕ್ಕೆ ಆಗುವುದಿಲ್ಲ." ನಿಮ್ಮ ಪಟ್ಟಿಯಲ್ಲಿ ಇಂಥ ಸಾಲು ಇದ್ದರೆ ಅದನ್ನೂ ಹೊಡೆದು ಹಾಕಿ. ಆ ಮನುಷ್ಯನ ಮುಂದೆ ಒಂದು ವಾರ ಕನ್ನಡದಲ್ಲಿ ಮಾತಾಡಿ ನೋಡಿ.

2. ಕಾಲ ಕೊಟ್ಟರೆ ಸರಿಹೋಗುವುದು ಯಾವುದು, ಹೋಗದ್ದು ಯಾವುದು?

ಇಡೀ ಲೇಖನದಲ್ಲಿ ಕಷ್ಟದ ಹಂತ ಇದು. ಅವಸರ ಮಾಡಬೇಡಿ.

ಯಕ್ಷಗಾನ ಮೇಳಕ್ಕೆ ಹೊಸ ಭಾಗವತರು ಬಂದಾಗ ಮೊದಲ ಕೆಲವು ಆಟಗಳಲ್ಲಿ ವೇಷಧಾರಿಗಳಿಗೂ ಅವರಿಗೂ ಲಯ ಕೂಡುವುದಿಲ್ಲ. ಅಷ್ಟಕ್ಕೇ ಯಾರೂ ಭಾಗವತರಿಗೆ ತಾಳ ಗೊತ್ತಿಲ್ಲ ಎನ್ನುವುದಿಲ್ಲ. ಎಚ್‌ಒಡಿಗೂ ಅಷ್ಟು ಅವಕಾಶ ಬೇಕು. ಯಾವ ಬೀರುವಿನ ಬೀಗ ಯಾರ ಹತ್ತಿರ, ಯಾರಿಗೆ ಬೆಳಗಿನ ಮೊದಲ ಪೀರಿಯಡ್ ಕೊಟ್ಟರೆ ಬಸ್ ತಪ್ಪುತ್ತದೆ, ಯಾವ ಅಟೆಂಡರ್ ಎರಡು ಸಲ ಹೇಳಿದರೆ ಮಾತ್ರ ಕೇಳುತ್ತಾರೆ, ಇವೆಲ್ಲ ಗೊತ್ತಾಗಲು ತಿಂಗಳುಗಳೇ ಬೇಕು.

ಮಳೆ ವಿಷಯ ತೆಗೆದುಕೊಳ್ಳಿ. ಜುಲೈ, ಆಗಸ್ಟ್‌ನಲ್ಲಿ ಡಿಸಿ ರಜೆ ಕೊಟ್ಟರು ಎಂದು ರಾತ್ರಿಯೋ ಬೆಳಿಗ್ಗೆಯೋ ಸುದ್ದಿ ಬರುತ್ತದೆ. ಒಂದು ವಾರದಲ್ಲಿ ಎರಡು ಮೂರು ದಿನ ಹೋದರೂ ನಮಗೆ ಆಶ್ಚರ್ಯ ಇಲ್ಲ. ಬಯಲುಸೀಮೆಯಿಂದ ಬಂದವರು ಪೋರ್ಷನ್ ಪ್ಲಾನ್ ಮಾಡುವಾಗ ಇದಕ್ಕೆ ಜಾಗ ಬಿಟ್ಟಿರುವುದಿಲ್ಲ. ಆಗಸ್ಟ್ ಕೊನೆಗೆ ಎರಡು ಪಾಠ ಹಿಂದೆ ಬೀಳುತ್ತವೆ. ಲ್ಯಾಬಿನಲ್ಲೂ ಅಷ್ಟೇ. ಈ ಹವೆಗೆ ಮೈಕ್ರೊಸ್ಕೋಪ್ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಸೋಡಿಯಂ ಹೈಡ್ರಾಕ್ಸೈಡ್ ಬಾಟಲಿಯ ಮುಚ್ಚಳ ಸಡಿಲ ಇದ್ದರೆ ಒಳಗಿನ ಕಾಳು ನೀರಾಗಿರುತ್ತದೆ. ಇದನ್ನು ಮೊದಲೇ ಹೇಳಬೇಕಾದವರು ನಾವು. ಒಂದು ಮಳೆಗಾಲ ಕಳೆದರೆ ಅವರಿಗೂ ಗೊತ್ತಾಗುತ್ತದೆ.

ಕೆಲವು ತಪ್ಪುಗಳು ಅವರದ್ದೇ ಆಗಿರುವುದಿಲ್ಲ. ಈಗ ಬಹಳಷ್ಟು ಕಾಲೇಜುಗಳಲ್ಲಿ ನೀಟ್, ಸಿಇಟಿ ಕೋಚಿಂಗ್ ಪಿಯು ತರಗತಿಯ ಜೊತೆಗೇ ನಡೆಯುತ್ತದೆ. ಕೋಚಿಂಗಿಗೆ ಎಷ್ಟು ಪೀರಿಯಡ್ ಹೋಗಬೇಕು ಎನ್ನುವುದು ಮೇಲೆ ತೀರ್ಮಾನವಾಗಿ ಬರುತ್ತದೆ. ಎಚ್‌ಒಡಿ ಅದನ್ನು ಟೈಮ್‌ಟೇಬಲಿನಲ್ಲಿ ತುಂಬಿಸುತ್ತಾರೆ ಅಷ್ಟೇ. ನಾವು ಬೈಯುವುದು ಅವರನ್ನು. "ಈ ತೀರ್ಮಾನ ಮಾಡಿದ್ದು ಯಾರು?" ಎಂದು ಕೇಳಿಕೊಂಡರೆ ಪಟ್ಟಿ ಇನ್ನಷ್ಟು ಸಣ್ಣದಾಗುತ್ತದೆ.

ಹಾಗಾದರೆ ನಿಜವಾಗಿ ಚಿಂತೆ ಮಾಡಬೇಕಾದದ್ದು ಯಾವುದಕ್ಕೆ? ನಾನು ಮೊದಲು ನೋಡುವುದು ಪ್ರಶ್ನೆಪತ್ರಿಕೆ. ಬ್ಲೂಪ್ರಿಂಟಿಗೆ ಹೊಂದದ ಪತ್ರಿಕೆ ಒಂದು ಸಲ ಬಂದರೆ ಕಣ್ತಪ್ಪು. ತಿದ್ದಿ ಕೊಟ್ಟ ಮೇಲೂ ಮುಂದಿನ ಟೆಸ್ಟಿಗೆ ಅದೇ ಬಗೆಯ ತಪ್ಪು ಬಂದರೆ ಬರೆದಿಟ್ಟುಕೊಳ್ಳಿ. ಎರಡನೆಯದು ಅಂಕಗಳ ದಾಖಲೆ. ದ್ವಿತೀಯ ಪಿಯುನಲ್ಲಿ ಲ್ಯಾಬ್ ಇರುವ ವಿಜ್ಞಾನ ವಿಷಯಗಳಿಗೆ 70 ಅಂಕ ಲಿಖಿತ, 30 ಪ್ರಾಯೋಗಿಕ. ಲ್ಯಾಬ್ ಇಲ್ಲದ ವಿಷಯಗಳಿಗೆ 80 ಲಿಖಿತ, 20 ಆಂತರಿಕ ಮೌಲ್ಯಮಾಪನ. ಆ 20 ಅಂಕ ಕಾಲೇಜಿನ ಕೈಯಲ್ಲೇ ಇರುತ್ತದೆ. ಟೆಸ್ಟಿನ ಪತ್ರಿಕೆ, ಪ್ರಾಜೆಕ್ಟ್ ಯಾವುದನ್ನೂ ಇಟ್ಟುಕೊಳ್ಳದೆ "ಎಲ್ಲರಿಗೂ 19 ಹಾಕಿ" ಎಂದು ಹೇಳುವ ಎಚ್‌ಒಡಿ ಇದ್ದರೆ ಅದು ಕಲಿಕೆಯ ಕೊರತೆ ಆಗಿ ಉಳಿಯುವುದಿಲ್ಲ. ನಾಳೆ ಸಹಿ ಹಾಕಿದ ನಿಮ್ಮ ತಲೆಗೂ ಬರುತ್ತದೆ.

ಮೂರನೆಯದು ತಪ್ಪು ತೋರಿಸಿದಾಗ ಅವರು ಏನು ಮಾಡುತ್ತಾರೆ ಎನ್ನುವುದು. ವಿಷಯದಲ್ಲಿ ಸ್ವಲ್ಪ ಹಿಂದಿದ್ದರೂ "ಹೌದಾ, ಇದನ್ನು ನೀವೇ ಸರಿ ಮಾಡಿ ಕೊಡ್ತೀರಾ?" ಎನ್ನುವವರ ಜೊತೆ ವರ್ಷಗಟ್ಟಲೆ ಕೆಲಸ ಮಾಡಬಹುದು. ಒಪ್ಪದೆ, ತೋರಿಸಿದವರ ಮೇಲೇ ಹಗೆ ಸಾಧಿಸುವವರ ಜೊತೆ ಕಷ್ಟ.

ಎಷ್ಟು ಕಾಯಬೇಕು? ಅರ್ಧವಾರ್ಷಿಕ ಪರೀಕ್ಷೆಯ ವ್ಯಾಲ್ಯುಯೇಷನ್ ಮುಗಿಯುವವರೆಗೆ. ಅದಕ್ಕಿಂತ ಮೊದಲು ದೂರು ಕೊಟ್ಟರೆ "ಇನ್ನೂ ಹೊಸಬರಲ್ವಾ, ಸ್ವಲ್ಪ ನೋಡೋಣ" ಎಂಬ ಉತ್ತರ ಬರುತ್ತದೆ, ಅದು ನ್ಯಾಯವೂ ಹೌದು. ಅದಕ್ಕಿಂತ ತುಂಬಾ ತಡ ಮಾಡಿದರೆ ಪ್ರಾಯೋಗಿಕ ಪರೀಕ್ಷೆ ಎದುರಿಗೆ ಬಂದಿರುತ್ತದೆ. ಆಗ ಯಾರಿಗೂ ಕೇಳಲು ಪುರುಸೊತ್ತು ಇರುವುದಿಲ್ಲ. ಮಕ್ಕಳಿಗೆ ಈಗಲೇ ನಷ್ಟ ಆಗುತ್ತಿದ್ದರೆ ಮಾತ್ರ ಕಾಯಬೇಡಿ, ನೇರ 4ನೇ ಹಂತಕ್ಕೆ ಹೋಗಿ.

3. ಬರೆದಿಡಿ, ಆದರೆ ಡೈರಿ ಬರೆಯಬೇಡಿ

ದಿನಾಂಕ, ಏನಾಯಿತು, ಮಕ್ಕಳಿಗೆ ಅಥವಾ ಕೆಲಸಕ್ಕೆ ಏನು ತೊಂದರೆ ಆಯಿತು. ಇಷ್ಟೇ ಸಾಕು.

ಹೀಗೆ ಬರೆಯಬೇಡಿ: "ಇವತ್ತೂ ಎಚ್‌ಒಡಿ ಬೇಜವಾಬ್ದಾರಿ ತೋರಿಸಿದರು. ಇಂಡೆಂಟ್ ಬಗ್ಗೆ ಕೇಳಿದರೆ ಉಡಾಫೆ ಉತ್ತರ."

ಹೀಗೆ ಬರೆಯಿರಿ: "ಆಗಸ್ಟ್ 12. ಪೊಟ್ಯಾಸಿಯಂ ಪರ್ಮಾಂಗನೇಟ್, ಆಕ್ಸಾಲಿಕ್ ಆಮ್ಲ ಬೇಕೆಂದು ಜುಲೈ 8ಕ್ಕೆ ಪಟ್ಟಿ ಕೊಟ್ಟಿದ್ದೆ. ಇಂಡೆಂಟ್ ಇನ್ನೂ ಆಫೀಸಿಗೆ ಹೋಗಿಲ್ಲ. ಬಿ ಸೆಕ್ಷನ್‌ಗೆ ಟೈಟ್ರೇಷನ್ ಮಾಡಿಸಲು ಆಗಲಿಲ್ಲ."

ಎರಡನೆಯದನ್ನು ಯಾರ ಮುಂದೆ ಬೇಕಾದರೂ ಇಡಬಹುದು, ಎಚ್‌ಒಡಿ ಮುಂದೆಯೂ. ಗುಟ್ಟಾಗಿ ಮಾತು ರೆಕಾರ್ಡ್ ಮಾಡುವುದು, ಅವರ ಟೇಬಲಿನ ಮೇಲಿನ ಕಾಗದದ ಫೋಟೊ ತೆಗೆಯುವುದು ಬೇಡವೇ ಬೇಡ. ಹಾಗೆ ಮಾಡಿದರೆ ಆಮೇಲೆ ಚರ್ಚೆ ನಿಮ್ಮ ಬಗ್ಗೆಯೇ ನಡೆಯುತ್ತದೆ.

4. ಅವರ ಹತ್ತಿರವೇ ಮಾತಾಡಿ

ಹೆಚ್ಚಿನವರು ಈ ಹಂತವನ್ನು ಹಾರಿ ಪ್ರಿನ್ಸಿಪಾಲರ ಹತ್ತಿರ ಹೋಗುತ್ತಾರೆ. ಅಲ್ಲಿ ಕೇಳುವ ಮೊದಲ ಪ್ರಶ್ನೆ ಏನು ಗೊತ್ತಾ? "ಅವರ ಹತ್ತಿರ ಮಾತಾಡಿದ್ದೀರಾ?" ಇಲ್ಲ ಎಂದರೆ ಮಾತು ಅಲ್ಲಿಗೇ ನಿಂತಿತು.

ಜಾಗ ಮತ್ತು ಹೊತ್ತು ನೋಡಿಕೊಳ್ಳಿ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಇರುವಾಗ ಬೇಡ. ಬೆಳಿಗ್ಗೆ ಅಸೆಂಬ್ಲಿಗೆ ಓಡುವಾಗಲೂ ಬೇಡ. ಕೊನೆಯ ಪೀರಿಯಡ್ ಮುಗಿದ ಮೇಲೆ ಲ್ಯಾಬಿನಲ್ಲಿ ಒಬ್ಬರೇ ಇರುವಾಗ ಒಳ್ಳೆಯದು. ಒಂದೇ ವಿಷಯ ತೆಗೆದುಕೊಂಡು ಹೋಗಿ, ಪಟ್ಟಿ ಪೂರ್ತಿ ಓದಬೇಡಿ. ಮಾತು ಸುಮಾರು ಹೀಗಿರಲಿ:

"ಸರ್, ಎರಡು ನಿಮಿಷ ಉಂಟಾ? ದ್ವಿತೀಯ ಪಿಯು ಟೆಸ್ಟ್ ಪೇಪರಿನಲ್ಲಿ ಒಂದೇ ಪಾಠದಿಂದ 14 ಅಂಕಕ್ಕೆ ಬಂದಿದೆ. ಬ್ಲೂಪ್ರಿಂಟಿನಲ್ಲಿ ಅದಕ್ಕೆ ಅಷ್ಟಿಲ್ಲ. ಮಕ್ಕಳು ಕೇಳ್ತಾ ಇದ್ದಾರೆ. ಮುಂದಿನ ಸಲ ಪ್ರಿಂಟಿಗೆ ಹೋಗುವ ಮೊದಲು ನಾನೊಮ್ಮೆ ನೋಡಿ ಕೊಡಲಾ?"

ಇಲ್ಲಿ ಆಪಾದನೆ ಇಲ್ಲ, ತಪ್ಪು ಮಾತ್ರ ಸ್ಪಷ್ಟವಾಗಿದೆ. ಜೊತೆಗೆ ನೀವು ಮಾಡಲು ತಯಾರಿರುವ ಒಂದು ಕೆಲಸವೂ ಇದೆ. ಒಳ್ಳೆಯ ಎಚ್‌ಒಡಿಯಾದರೆ ಇಷ್ಟಕ್ಕೇ ದಾರಿಯಾಗುತ್ತದೆ. ವಿಭಾಗದಲ್ಲಿ ಎರಡನೆಯವರೊಬ್ಬರು ಪತ್ರಿಕೆ ನೋಡುವ ಪದ್ಧತಿ ಬಂದುಬಿಡುತ್ತದೆ. ಹಳೆಯ ಮುಖ್ಯಸ್ಥರ ಹೆಸರು ಮಾತ್ರ ಎತ್ತಬೇಡಿ. "ಮುಂಚೆ ಮೇಡಂ ಇದ್ದಾಗ ಹೀಗಿರಲಿಲ್ಲ" ಎಂಬ ಒಂದು ಸಾಲು ಸಾಕು, ಎದುರಿನವರು ಬಾಗಿಲು ಮುಚ್ಚಿಕೊಳ್ಳಲು.

ಮಾತು ಮುಗಿದ ಮೇಲೆ ಅದೇ ದಿನ ಒಂದು ಸಣ್ಣ ಮೆಸೇಜ್ ಕಳಿಸಿ: "ಸರ್, ಇವತ್ತು ಮಾತಾಡಿದಂತೆ ಮುಂದಿನ ಟೆಸ್ಟ್ ಪೇಪರ್ ನಾನು ನೋಡಿ ಕೊಡುತ್ತೇನೆ." ಇದು ಸೌಜನ್ಯವೂ ಹೌದು, ದಾಖಲೆಯೂ ಹೌದು.

ಇಲ್ಲಿ ಒಂದು ಹಳ್ಳ ಇದೆ, ಒಳ್ಳೆಯವರೇ ಹೆಚ್ಚಾಗಿ ಬೀಳುವುದು. ಸಹಾಯ ಮಾಡಲು ಹೋಗಿ ಎಚ್‌ಒಡಿಯ ಕೆಲಸ ಪೂರ್ತಿ ತಾವೇ ಮಾಡಲು ಶುರುಮಾಡುತ್ತಾರೆ. ಪತ್ರಿಕೆ ಇವರೇ, ಇಂಡೆಂಟ್ ಇವರೇ, ಸ್ಟಾಕ್ ರಿಜಿಸ್ಟರ್ ಇವರೇ. ಹೊರಗಿನಿಂದ ನೋಡಿದವರಿಗೆ ವಿಭಾಗ ಚೆನ್ನಾಗಿಯೇ ನಡೆಯುತ್ತಿರುತ್ತದೆ. ವರ್ಷದ ಕೊನೆಗೆ ಹೆಸರು ಅವರಿಗೆ, ಬೆನ್ನುನೋವು ಇವರಿಗೆ. ಒಂದು ಕೆಲಸಕ್ಕೆ ಕೈಕೊಡಿ, ಅದು ಯಾವುದು ಎಂದು ಎಲ್ಲರಿಗೂ ಗೊತ್ತಿರುವ ಹಾಗೆ ಕೊಡಿ.

5. ಸಹೋದ್ಯೋಗಿಗಳು, ವಾಟ್ಸ್‌ಆ್ಯಪ್, ಬಸ್ಸು

ನಿಮ್ಮ ವಿಭಾಗದ ಒಬ್ಬರ ಹತ್ತಿರ, ಅದೂ ನಂಬಿಕೆಯವರ ಹತ್ತಿರ, "ನಿಮಗೂ ಹೀಗೆ ಕಂಡಿದೆಯಾ?" ಎಂದು ಕೇಳಬಹುದು. ಅಲ್ಲಿಗೆ ಸಾಕು. ಸಹಿ ಸಂಗ್ರಹಕ್ಕೆ ಇಳಿಯಬೇಡಿ. ಅದು ಗುಂಪುಗಾರಿಕೆ ಆಗುತ್ತದೆ, ಮತ್ತು ಸಹಿ ಹಾಕಿದ ಅರ್ಧ ಜನ ಕರೆದು ಕೇಳಿದಾಗ "ನನಗೆ ಗೊತ್ತಿಲ್ಲ" ಎನ್ನುತ್ತಾರೆ.

ಗ್ರೂಪಿನಲ್ಲಿ ಒಂದು ಅಕ್ಷರವೂ ಬೇಡ. ಸ್ಕ್ರೀನ್‌ಶಾಟ್ ಎಚ್‌ಒಡಿಗೆ ತಲುಪಲು ಸಂಜೆಯವರೆಗೂ ಬೇಕಾಗುವುದಿಲ್ಲ. ಕಾನೂನಿನ ಕಡೆಯಿಂದಲೂ ಅಪಾಯ ಇದೆ. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಪ್ರಕಾರ ಮಾನಹಾನಿ ಅಪರಾಧ. ಅದೇ ಸೆಕ್ಷನ್‌ನಲ್ಲಿ, ಕ್ರಮ ತೆಗೆದುಕೊಳ್ಳುವ ಅಧಿಕಾರ ಇರುವವರಿಗೆ ಒಳ್ಳೆಯ ಉದ್ದೇಶದಿಂದ ಕೊಟ್ಟ ದೂರಿಗೆ ರಕ್ಷಣೆ ಇದೆ. ಪ್ರಿನ್ಸಿಪಾಲರಿಗೆ ಬರೆದ ಪತ್ರಕ್ಕೂ ಗ್ರೂಪಿನಲ್ಲಿ ಹಾಕಿದ ಮೆಸೇಜಿಗೂ ಇರುವ ವ್ಯತ್ಯಾಸ ಇಲ್ಲಿದೆ.

ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನಲ್ಲೂ ಬಾಯಿಗೆ ಬೀಗ ಇರಲಿ. ಪಕ್ಕದ ಸೀಟಿನವರು ಅವರ ಭಾವನ ಅಣ್ಣನೋ, ನಿಮ್ಮ ವಿದ್ಯಾರ್ಥಿಯ ಚಿಕ್ಕಮ್ಮನೋ ಆಗಿರುವ ಸಾಧ್ಯತೆ ನಮ್ಮೂರಲ್ಲಿ ಬಹಳ.

ಪೋಷಕರು ಕೇಳಿದರೆ? "ಹೊಸ ಸರ್ ಹೇಗೆ, ಪರವಾಗಿಲ್ವಾ?" ಎಂದು ಕೇಳಿಯೇ ಕೇಳುತ್ತಾರೆ. ನಿಮ್ಮ ತರಗತಿಯ ಪೋರ್ಷನ್ ಎಲ್ಲಿಗೆ ಬಂದಿದೆ ಎಂದು ಹೇಳಿ. ಉಳಿದದ್ದನ್ನು ಪ್ರಿನ್ಸಿಪಾಲರ ಹತ್ತಿರ ಕೇಳಲು ಹೇಳಿ.

6. ಪ್ರಿನ್ಸಿಪಾಲರ ಹತ್ತಿರ ಹೋಗುವುದು

ಎಚ್‌ಒಡಿ ಜೊತೆ ಎರಡು ಸಲ ಮಾತಾಡಿಯೂ ಅದೇ ತೊಂದರೆ ಮುಂದುವರಿದರೆ ಹೋಗಿ. ಸಾಧ್ಯವಾದರೆ ಹೋಗುತ್ತಿದ್ದೇನೆ ಎಂದು ಎಚ್‌ಒಡಿಗೂ ತಿಳಿಸಿ. ಇದು ಕಷ್ಟ, ಎಲ್ಲರಿಗೂ ಆಗುವುದಿಲ್ಲ. ಆದರೆ ಬೆನ್ನ ಹಿಂದೆ ಹೇಳಿದರು ಎಂಬ ಮಾತು ಬರುವುದಿಲ್ಲ.

ಪತ್ರ ಒಂದು ಪುಟ ದಾಟಬಾರದು. "ಅಸಮರ್ಥ", "ಅನರ್ಹ" ಎಂಬ ಪದ ಎಲ್ಲೂ ಬರಬಾರದು. ಆ ತೀರ್ಮಾನ ಮಾಡುವುದು ಅವರ ಕೆಲಸ. ಮಾದರಿ ಹೀಗಿದೆ:

"ಮಾನ್ಯ ಪ್ರಾಂಶುಪಾಲರಿಗೆ, ನಮ್ಮ ವಿಭಾಗದ ಮೂರು ವಿಷಯಗಳನ್ನು ತಮ್ಮ ಗಮನಕ್ಕೆ ತರುತ್ತಿದ್ದೇನೆ. ಮೊದಲ ಟೆಸ್ಟ್ ಮತ್ತು ಅರ್ಧವಾರ್ಷಿಕ ಪತ್ರಿಕೆ ಎರಡೂ ಬ್ಲೂಪ್ರಿಂಟಿಗೆ ಹೊಂದುತ್ತಿಲ್ಲ, ಪ್ರತಿಗಳನ್ನು ಲಗತ್ತಿಸಿದ್ದೇನೆ. ಜುಲೈ 8ರಂದು ಕೊಟ್ಟ ಲ್ಯಾಬ್ ಪಟ್ಟಿಯ ಇಂಡೆಂಟ್ ಇನ್ನೂ ಹೋಗಿಲ್ಲ, ಇದರಿಂದ ನಾಲ್ಕು ಪ್ರಯೋಗ ಬಾಕಿ ಇವೆ. ಟೆಸ್ಟಿನ ಅಂಕಪಟ್ಟಿ ವಿಭಾಗದಲ್ಲಿ ಲಭ್ಯವಿಲ್ಲ. ಈ ಬಗ್ಗೆ ವಿಭಾಗ ಮುಖ್ಯಸ್ಥರೊಂದಿಗೆ ಎರಡು ಬಾರಿ ಮಾತಾಡಿದ್ದೇನೆ. ಪ್ರಾಯೋಗಿಕ ಪರೀಕ್ಷೆಯೊಳಗೆ ಇವು ಸರಿಯಾಗಲು ವಿಭಾಗದ ಸಭೆ ಕರೆಯಬೇಕೆಂದು ವಿನಂತಿ."

ಕೊನೆಯ ಸಾಲು ಮುಖ್ಯ. ಏನಾಗಬೇಕು ಎಂದು ಹೇಳದ ದೂರು ಫೈಲಿನಲ್ಲಿ ಮಲಗುತ್ತದೆ. "ಅವರನ್ನು ತೆಗೆಯಿರಿ" ಎಂದು ಕೇಳಿದರೂ ಅದೇ ಗತಿ. ಸಭೆ ಕರೆಯಿರಿ, ಪತ್ರಿಕೆ ಇಬ್ಬರು ನೋಡುವಂತೆ ಮಾಡಿ, ಇಂಡೆಂಟ್ ಈ ದಿನಾಂಕದೊಳಗೆ ಹೋಗಲಿ, ಇಂಥದ್ದು ಕೇಳಿದರೆ ಪ್ರಿನ್ಸಿಪಾಲರಿಗೂ ಮಾಡುವುದು ಸುಲಭ. ಪತ್ರದ ಒಂದು ಪ್ರತಿಗೆ ಆಫೀಸಿನಲ್ಲಿ ದಿನಾಂಕ, ಸೀಲು ಹಾಕಿಸಿ ಇಟ್ಟುಕೊಳ್ಳಿ.

7. ಅದಕ್ಕೂ ಮೇಲೆ

ಪ್ರಿನ್ಸಿಪಾಲರಿಂದ ಉತ್ತರ ಬರದಿದ್ದರೆ ಅವರ ಮೂಲಕವೇ ಸಂಚಾಲಕರಿಗೆ ಬರೆಯಿರಿ. ಇಲಾಖೆಗೆ ಹೋಗುವ ಅಗತ್ಯ ಸಾಮರ್ಥ್ಯದ ಪ್ರಶ್ನೆಯಲ್ಲಿ ಬಹಳ ಅಪರೂಪ. ಖಾಸಗಿ ಸಂಸ್ಥೆಯಲ್ಲಿ ಎಚ್‌ಒಡಿ ಯಾರಾಗಬೇಕು ಎನ್ನುವುದು ಆಡಳಿತ ಮಂಡಳಿಯ ತೀರ್ಮಾನ. ಆಂತರಿಕ ಅಂಕಗಳಲ್ಲಿ ಅಕ್ರಮದಂಥ ವಿಷಯ ಇದ್ದರೆ ಮಾತ್ರ ಪಿಯು ವಿಭಾಗಕ್ಕೆ ಜಿಲ್ಲೆಯ ಉಪನಿರ್ದೇಶಕರು, ಹೈಸ್ಕೂಲಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಇದ್ದಾರೆ.

"ದೂರು ಕೊಟ್ಟರೆ ನನ್ನ ಕೆಲಸ ಹೋಗುತ್ತದಾ?" ಇದನ್ನೂ ಎಲ್ಲರೂ ಕೇಳುತ್ತಾರೆ. ಕರ್ನಾಟಕ ಶಿಕ್ಷಣ ಕಾಯ್ದೆ, 1983ರ 92ನೇ ಸೆಕ್ಷನ್ ಪ್ರಕಾರ ಖಾಸಗಿ ಸಂಸ್ಥೆಯ ನೌಕರರನ್ನು ವಿಚಾರಣೆ ನಡೆಸದೆ ವಜಾ ಮಾಡುವಂತಿಲ್ಲ. ಮಾಡಿದರೆ 3 ತಿಂಗಳೊಳಗೆ ನ್ಯಾಯಮಂಡಳಿಗೆ ಮೇಲ್ಮನವಿ ಹಾಕಬಹುದು. ಆದರೆ ಪ್ರೊಬೇಷನ್‌ನಲ್ಲಿ, ಅಂದರೆ ಪರೀಕ್ಷಾರ್ಥ ಅವಧಿಯಲ್ಲಿ ಇರುವವರು ಮತ್ತು ವರ್ಷ ವರ್ಷ ಆದೇಶ ಪಡೆಯುವವರು ಅಷ್ಟು ಧೈರ್ಯದಿಂದ ಇರಲು ಆಗುವುದಿಲ್ಲ. ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳ ನಿಯಮ ಬೇರೆ. ಮೊದಲು ಹೇಳಿದ ನೇಮಕಾತಿ ಆದೇಶವನ್ನು ಒಬ್ಬ ವಕೀಲರಿಗೆ ತೋರಿಸಿ, ಆಮೇಲೆ ಈ ಹಂತಕ್ಕೆ ಬನ್ನಿ. ಪ್ರೊಬೇಷನ್‌ನಲ್ಲೋ ವರ್ಷದ ಆದೇಶದ ಮೇಲೋ ಇರುವವರು 4ನೇ ಹಂತದಲ್ಲೇ ನಿಂತು ತಮ್ಮ ತರಗತಿ, ತಮ್ಮ ದಾಖಲೆ ಸರಿಯಾಗಿ ಇಟ್ಟುಕೊಂಡರೆ ಅದನ್ನು ನಾನು ಹೇಡಿತನ ಎನ್ನುವುದಿಲ್ಲ.

ಯಾವುದೂ ಬದಲಾಗದೆ ಬೇರೆ ಕಡೆ ಹೋಗುವ ಯೋಚನೆ ಬಂದರೆ ಮಧ್ಯದಲ್ಲಿ ಬಿಡಬೇಡಿ. ಡಿಸೆಂಬರ್‌ನಲ್ಲಿ ಬಿಟ್ಟುಹೋದವರ ತರಗತಿಗೆ ಮಾರ್ಚ್‌ವರೆಗೆ ಯಾರೂ ಸಿಗುವುದಿಲ್ಲ, ಮತ್ತು ಆ ಸುದ್ದಿ ನಿಮಗಿಂತ ಮೊದಲೇ ಮುಂದಿನ ಕಾಲೇಜಿಗೆ ತಲುಪಿರುತ್ತದೆ. ನೋಟಿಸ್ ಅವಧಿ ಎಷ್ಟೆಂದು ನೋಡಿ, ಪರೀಕ್ಷೆ ಮುಗಿದ ಮೇಲೆ ರಾಜೀನಾಮೆ ಕೊಡಿ. ಲ್ಯಾಬ್ ಸ್ಟಾಕ್, ಅಂಕಪಟ್ಟಿ ಎಲ್ಲವನ್ನೂ ಸಹಿ ಹಾಕಿಸಿ ಒಪ್ಪಿಸಿ. ರಿಲೀವಿಂಗ್ ಲೆಟರ್ ಮತ್ತು ಅನುಭವ ಪ್ರಮಾಣಪತ್ರ ಅದೇ ದಿನ ಕೈಗೆ ತೆಗೆದುಕೊಳ್ಳಿ. "ಆಮೇಲೆ ಕಳಿಸ್ತೇವೆ" ಎಂದರೆ ಆಫೀಸಿನಲ್ಲೇ ಕೂತು ಕಾಯಿರಿ.